ಹೆಗಲ ಪಟ್ಟು ಕಲಿತ ಕಮ್ಮಾರ

"ಗುರುಗಳೇ, ಇಲ್ಲಿ ನನ್ನ ವಾದವನ್ನು ಮುರಿದವರು ಯಾರೂ ಇಲ್ಲ. ಅಲ್ಲಿಗೆ ಹೋದರೆ ಅದು ಅರ್ಧ ಗಳಿಗೆಯೂ ನಿಲ್ಲಲಿಲ್ಲ. ನನ್ನ ಕಲಿಕೆಯಲ್ಲಿ ಎಲ್ಲಿ ಕೊರತೆಯಾಯಿತು?"

ಶಾಂತವೀರನೆಂಬ ಶಿಷ್ಯ ಹೀಗೆ ಕೇಳಿದ. ಅವನು ಮಠದಲ್ಲಿ ತರ್ಕ ಓದುತ್ತಿದ್ದವನು. ಹಿಂದಿನ ದಿನ ಹೊಳೆಯಾಚೆಯ ಮಠದ ಸಭೆಯಲ್ಲಿ ವಾದಕ್ಕೆ ನಿಂತು ಸೋತು ಬಂದಿದ್ದ. ದಾರಿಯುದ್ದಕ್ಕೂ ಜೊತೆಯವರ ಮೇಲೆ ಸಿಡುಕಿದ್ದ. ಗುರುಗಳ ಮುಂದೆ ಕುಳಿತ ಮೇಲೂ ಅವನ ಉಸಿರು ಬಿರುಸಾಗಿಯೇ ಇತ್ತು. ಸಹಪಾಠಿಗಳು ಹಿಂದೆ ಗೋಡೆಗೆ ಒರಗಿ ಕುಳಿತಿದ್ದರು.

ಗುರುಗಳು, "ಒಬ್ಬ ಕಮ್ಮಾರನ ಕತೆ ಹೇಳುತ್ತೇನೆ, ಕೇಳು" ಎಂದು ಆರಂಭಿಸಿದರು.

ಒಂದು ಊರಿನಲ್ಲಿ ಗಿರಿಯಾಚಾರಿ ಎಂಬ ಕಮ್ಮಾರನಿದ್ದ. ಹಗಲೆಲ್ಲ ಕುಲುಮೆಯಲ್ಲಿ ನೇಗಿಲ ಗುಳ, ಕುಡುಗೋಲು ಬಡಿಯುತ್ತಿದ್ದ. ಹೊತ್ತು ಇಳಿದ ಮೇಲೆ ಗರಡಿಗೆ ಹೋಗಿ ಕುಸ್ತಿ ಆಡುತ್ತಿದ್ದ. ಸುತ್ತಿಗೆ ಹಿಡಿದು ಪಳಗಿದ ಕೈ ಅದು. ಸೊಂಟಕ್ಕೆ ಕೈ ಹಾಕಿ ಎತ್ತಿದನೆಂದರೆ ಎದುರಾಳಿ ನೆಲ ಕಾಣಲೇಬೇಕು. ಆದರೆ ಆ ಸೀಮೆಯ ಕುಸ್ತಿ ಕೆಡವಿದರೆ ಮುಗಿಯುವಂಥದಲ್ಲ. ಬಿದ್ದವನು ಸೋತೆನೆಂದು ಒಪ್ಪಿ ಅಂಗೈಯಿಂದ ಮಣ್ಣು ತಟ್ಟಬೇಕು. ತಟ್ಟುವವರೆಗೆ ಕುಸ್ತಿ ನಡೆಯುತ್ತಲೇ ಇರುತ್ತದೆ. ಗಿರಿಯಾಚಾರಿ ಕೆಡವುತ್ತಿದ್ದ, ಮೇಲೆ ಒರಗುತ್ತಿದ್ದ, ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಬೆವರುತ್ತಿದ್ದ. ಕೆಳಗಿದ್ದವನು ಸಮಯ ನೋಡಿ ಜಾರಿಕೊಂಡು ಎದ್ದುಬಿಡುತ್ತಿದ್ದ.

ಗರಡಿಯ ಉಸ್ತಾದರು ಬುಡನ್ ಸಾಹೇಬರು. ಅವರು ಇದನ್ನು ನೋಡಿ ನೋಡಿ ಸಾಕಾಗಿ, "ನಿನಗೆ ಹೆಗಲ ಪಟ್ಟು ಬೇಕು ಕಣಯ್ಯ. ಬಾ, ತೋರಿಸುತ್ತೇನೆ" ಎಂದರು.

ತೋರಿಸುವುದಕ್ಕೆ ಈರಣ್ಣನನ್ನು ಕರೆದು ಅಂಗಾತ ಮಲಗಿಸಿದರು. ಈರಣ್ಣ ಗಿರಿಯಾಚಾರಿಯ ಹೆಂಡತಿ ಕಾಳಮ್ಮನ ತಮ್ಮ. ಭಾವನ ಜೊತೆಯಲ್ಲೇ ಕುಲುಮೆಯ ಕೆಲಸ, ಭಾವನ ಮನೆಯಲ್ಲೇ ಊಟ. ಮೈಕಟ್ಟು ಸಣ್ಣದು, ಆದರೆ ಹಿಡಿದರೆ ನುಣುಚಿಕೊಳ್ಳುವ ಮೈ. ಉಸ್ತಾದರು ಅವನ ಮಗ್ಗುಲಲ್ಲಿ ಒರಗಿ ಮಣಿಕಟ್ಟು ಹಿಡಿದು ಮೊಣಕೈ ಮಡಿಸಿದರು. ತಮ್ಮ ಇನ್ನೊಂದು ಕೈಯನ್ನು ಅವನ ತೋಳಿನ ಅಡಿಯಿಂದ ತೂರಿಸಿ ತಮ್ಮದೇ ಮಣಿಕಟ್ಟನ್ನು ಹಿಡಿದುಕೊಂಡರು. ಎದೆಯನ್ನು ಅವನ ಹೆಗಲಿಗೆ ಒತ್ತಿದರು. ಆಮೇಲೆ ಅವನ ಕೈಯನ್ನು ಬೆನ್ನಿನ ಕಡೆಗೆ ಮೆಲ್ಲಗೆ ತಿರುಗಿಸಿದರು. ತಿರುಗಿಸಿದ್ದು ಕಂಡಿತೋ ಇಲ್ಲವೋ, ಈರಣ್ಣ ಮಣ್ಣು ತಟ್ಟಿದ. ಉಸ್ತಾದರು ಆ ಕ್ಷಣವೇ ಬಿಟ್ಟರು.

"ಇದರಲ್ಲಿ ಬಲದ ಕೆಲಸವಿಲ್ಲ. ನಿನ್ನ ಎದೆಗೂ ಅವನ ಹೆಗಲಿಗೂ ನಡುವೆ ಸಂದು ಇರಬಾರದು. ಸಂದು ಇದ್ದರೆ ಮನುಷ್ಯ ಅದರಲ್ಲೇ ಹೊರಟುಹೋಗುತ್ತಾನೆ."

ಗಿರಿಯಾಚಾರಿಗೆ ಇದು ಬಹಳ ಸುಲಭವೆನ್ನಿಸಿತು. ಅಂದೇ ಹಾಕಿದ. ಈರಣ್ಣ ಸೊಂಟ ತಿರುಗಿಸಿ ಹೊರಗೆ ಬಂದ. ಮತ್ತೆ ಹಾಕಿದ. ಮತ್ತೆ ಬಂದ. ಗಿರಿಯಾಚಾರಿ ಹಲ್ಲು ಕಚ್ಚಿ ಎಳೆದ. ಅವನು ಎಳೆದಷ್ಟೂ ಈರಣ್ಣ ಬೇಗ ಬಂದ.

"ಸಂದು" ಎಂದರು ಉಸ್ತಾದರು.

ಹೀಗೇ ದಿನಗಳು ಹೋದವು. ಗಿರಿಯಾಚಾರಿ ದಿನಕ್ಕೊಂದು ಕಾರಣ ಕಂಡುಹಿಡಿದ. ಈರಣ್ಣ ಎಣ್ಣೆ ಹೆಚ್ಚು ಹಚ್ಚಿಕೊಂಡು ಬರುತ್ತಾನೆ ಎಂದ. ಅವನ ತೋಳು ಗಿಡ್ಡ, ಹಿಡಿತಕ್ಕೆ ಸಿಗುವುದಿಲ್ಲ ಎಂದ. ಮುಂದೆ ಏನು ಬರುತ್ತದೆಂದು ಗೊತ್ತಿದ್ದವನ ಮೇಲೆ ಯಾವ ಪಟ್ಟೂ ಕೂರುವುದಿಲ್ಲ ಎಂದ. ಕೊನೆಗೆ ಗರಡಿಯ ಮಣ್ಣೇ ಸಡಿಲ, ಮೊಣಕಾಲು ನಿಲ್ಲುವುದಿಲ್ಲ ಎಂದ.

"ಕುಣಿಯಲಾರದವಳು ನೆಲ ಡೊಂಕು ಎಂದಳಂತೆ" ಎಂದು ಉಸ್ತಾದರು ಹಣೆ ಚಚ್ಚಿಕೊಂಡರು. "ಸಂದು ಬಿಟ್ಟಿದ್ದೀಯ. ಎಷ್ಟು ಸಲ ಹೇಳಲಿ?"

ಆ ಒಂದು ಮಾತು ಕೇಳಿದರೆ ಗಿರಿಯಾಚಾರಿಗೆ ಮೈಯೆಲ್ಲ ಉರಿಯುತ್ತಿತ್ತು. ಆ ಉರಿ ಗರಡಿಯಲ್ಲಿ ಉಳಿಯುತ್ತಿರಲಿಲ್ಲ, ಅವನ ಜೊತೆ ಮನೆಗೆ ಬರುತ್ತಿತ್ತು. ಕಾಳಮ್ಮ ತಟ್ಟೆ ಇಟ್ಟರೆ ಸಾರಿಗೆ ಉಪ್ಪಿಲ್ಲ ಎಂದು ದೂರ ಸರಿಸಿ ಏಳುತ್ತಿದ್ದ. ಉಪ್ಪು ಸರಿಯಾಗಿಯೇ ಇರುತ್ತಿತ್ತು. ಅವನು ಉಣ್ಣದ ಮೇಲೆ ಕಾಳಮ್ಮ ಉಣ್ಣುತ್ತಿರಲಿಲ್ಲ. ಈರಣ್ಣ ಒಬ್ಬನೇ ಕುಳಿತು, ತಲೆ ಎತ್ತದೆ ಬೇಗ ಬೇಗ ತಿಂದು ಕೈ ತೊಳೆಯುತ್ತಿದ್ದ. ಮರುದಿನ ಕುಲುಮೆಯಲ್ಲಿ ಕಾದ ಕಬ್ಬಿಣದ ಮೇಲೆ ಪೆಟ್ಟು ತಪ್ಪಿದರೆ ಅದಕ್ಕೂ ಇದ್ದಿಲೇ ಕಾರಣವಾಗುತ್ತಿತ್ತು.

ಒಂದು ಸಂಜೆ ಗಿರಿಯಾಚಾರಿ ಎಂದಿನಂತೆ ಪಟ್ಟು ಹಾಕಿದ. ತನ್ನ ಹಿಡಿತ ನಿನ್ನೆಯಂತೆಯೇ ಇದೆ ಎಂದು ಅವನಿಗೇ ಅನ್ನಿಸಿತು. ಅಷ್ಟರಲ್ಲಿ ಈರಣ್ಣನ ಅಂಗೈ ಮಣ್ಣು ತಟ್ಟಿತು. ಆ ಸದ್ದು ಕಿವಿಗೆ ಬಿದ್ದ ಮೇಲೆ ಅವನ ಮನಸ್ಸಿನಲ್ಲಿ ಬೇರೆ ಯಾವ ಅನ್ನಿಸಿಕೆಗೂ ಜಾಗವಿರಲಿಲ್ಲ. ಎದ್ದು ನಿಂತು ಭಾವಮೈದುನನ ಬೆನ್ನು ಸವರಿದ. ದಾರಿಯಲ್ಲಿ ಅವನ ಹೆಗಲ ಮೇಲೆ ಕೈ ಹಾಕಿಕೊಂಡು ಬಂದ. ಅಂದು ಸಾರು ಎರಡನೆಯ ಸಲ ಬಡಿಸಿಕೊಂಡ. ಕಾಳಮ್ಮನ ಜೊತೆ ಹಿತ್ತಿಲ ಬದನೆ ಗಿಡದ ಬಗ್ಗೆ ಮಾತನಾಡಿದ. ಅವಳು ಹೊಟ್ಟೆ ತುಂಬ ಉಂಡಳು.

ಅಲ್ಲಿಂದಾಚೆ ಈರಣ್ಣ ದಿನವೂ ತಟ್ಟಿದ. ಒಮ್ಮೊಮ್ಮೆ ತುಸು ಒದ್ದಾಡಿ ತಟ್ಟುತ್ತಿದ್ದ, ಒಮ್ಮೊಮ್ಮೆ ಕೂಡಲೇ ತಟ್ಟುತ್ತಿದ್ದ.

ಗರಡಿಯ ಇತರರು ಮಾತ್ರ ಕೂಡಲೇ ಈ ದಾರಿಗೆ ಬರಲಿಲ್ಲ. ಗಾಣದ ಸಿದ್ದಪ್ಪ ಒಂದು ದಿನ ಆ ಪಟ್ಟಿನಿಂದ ಆರಾಮವಾಗಿ ಹೊರಗೆ ಬಂದ. ಗಿರಿಯಾಚಾರಿ, "ಪಟ್ಟು ಬಿದ್ದಿದೆ ಎಂದು ಗೊತ್ತಾಗುವುದಿಲ್ಲವೆ? ಹೊಸಬನ ಹಾಗೆ ಒದ್ದಾಡುತ್ತೀಯಲ್ಲ" ಎಂದು ಎಲ್ಲರೆದುರು ಸಿಡಿದ. ಮುಂದೆ ಬಹಳ ದಿನ ಅವನ ಜೊತೆ ಮಾತು ಬಿಟ್ಟ. ಸಿದ್ದಪ್ಪ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಬಿಗಿಸಿಕೊಳ್ಳಲು ಕುಲುಮೆಗೆ ಬಂದರೆ ಕೆಲಸ ಬಹಳವಿದೆ ಎಂದು ವಾಪಸು ಕಳಿಸಿದ. ಉಳಿದವರು ಇದನ್ನು ನೋಡಿದರು. ಎಲ್ಲರಿಗೂ ಮನೆ ಇತ್ತು, ಹಸಿವು ಇತ್ತು, ಬೇಗ ಸ್ನಾನ ಮಾಡಿ ಹೋಗುವ ಆತುರ ಇತ್ತು. ಗಿರಿಯಾಚಾರಿಯ ಕೈ ಮಣಿಕಟ್ಟಿಗೆ ಬಂತೆಂದರೆ ಸಾಕು, ತಟ್ಟಿ ಎದ್ದುಬಿಡುತ್ತಿದ್ದರು.

ಉಸ್ತಾದರೊಬ್ಬರು ಬಿಡಲಿಲ್ಲ. "ಸಂದು ಇದೆ" ಎಂದರು.

"ಎಲ್ಲರೂ ತಟ್ಟುತ್ತಿದ್ದಾರಲ್ಲ ಉಸ್ತಾದ್. ಸಂದು ಇದ್ದರೆ ತಟ್ಟುತ್ತಿದ್ದರೆ? ನಿಮಗೆ ಅದೊಂದು ಬಿಟ್ಟು ಬೇರೇನೂ ಕಾಣುವುದಿಲ್ಲ."

ಬುಡನ್ ಸಾಹೇಬರು ಅವನನ್ನೇ ನೋಡಿದರು. ಹೇಳಿ ಹೇಳಿ ಅವರ ಗಂಟಲೂ ಒಣಗಿತ್ತು. ಹೆಗಲ ಮೇಲಿನ ವಸ್ತ್ರ ಕೊಡವಿಕೊಂಡು ಹೊಸಬರ ಕಡೆ ಹೋದರು. ಮುಂದೆ ಆ ಮಾತನ್ನು ಅವರು ಎತ್ತಲಿಲ್ಲ. ಕಲಿಕೆ ಮುಗಿಯಿತೆಂದು ಗಿರಿಯಾಚಾರಿ ತಿಳಿದ.

ಸುಗ್ಗಿ ಮುಗಿದ ಮೇಲೆ ಸುತ್ತಲಿನ ಗರಡಿಗಳೆಲ್ಲ ಒಂದೆಡೆ ಸೇರಿ ಕುಸ್ತಿ ಆಡಿಸುವ ರೂಢಿಯಿತ್ತು. ಗೆದ್ದ ಗರಡಿಗೆ ಒಂದು ಗದೆ. ಅದು ಬುಡನ್ ಸಾಹೇಬರ ಗರಡಿಯಲ್ಲಿ ಅವರ ಉಸ್ತಾದರ ಕಾಲದಿಂದ ಇತ್ತು. "ಈ ಸಲ ಈರಣ್ಣ ಹೋಗಲಿ" ಎಂದರು ಸಾಹೇಬರು. ಗಿರಿಯಾಚಾರಿಯ ಮುಖ ಕಪ್ಪಿಟ್ಟಿತು. ಈರಣ್ಣ ಆ ಮುಖ ನೋಡಿದ. "ಬೇಡ ಉಸ್ತಾದ್, ಭಾವನೇ ಹೋಗಲಿ" ಎಂದ.

ಎದುರಾಳಿ ಎಮ್ಮೆ ಕಟ್ಟಿಕೊಂಡು ಹಾಲು ಮಾರುವ ಒಬ್ಬ ಸಣಕಲ. ಗಿರಿಯಾಚಾರಿ ಅವನನ್ನು ಎತ್ತಿ ಕೆಡವಿದ. ಜನ ಕೂಗಿದರು. ಮಗ್ಗುಲಲ್ಲಿ ಒರಗಿ, ಮಣಿಕಟ್ಟು ಹಿಡಿದು, ತೋಳಿನಡಿ ಕೈ ತೂರಿಸಿ ಪಟ್ಟು ಹಾಕಿದ. ಎಲ್ಲವೂ ಗರಡಿಯಲ್ಲಿ ಆಗುತ್ತಿದ್ದ ಹಾಗೆಯೇ ಆಯಿತು. ಅವನು ತಟ್ಟುವ ಸದ್ದಿಗೆ ಕಾದ.

ಸದ್ದು ಬರಲಿಲ್ಲ.

ಎಳೆದ. ಸಣಕಲ ಅಲುಗಾಡದೆ ಉಸಿರಾಡುತ್ತಿದ್ದ. ಗಿರಿಯಾಚಾರಿಗೆ ಮೊದಲು ಬೆರಗಾಯಿತು, ಆಮೇಲೆ ರೇಗಿತು. ಪಟ್ಟು ಬಿದ್ದ ಮೇಲೆ ತಟ್ಟಬೇಕೆಂಬ ಮರ್ಯಾದೆಯೂ ತಿಳಿಯದವನ ಜೊತೆ ಕುಸ್ತಿ ಆಡುವುದು ಹೇಗೆ?

"ತಟ್ಟು" ಎಂದು ಹಲ್ಲಿನ ಸಂದಿಯಿಂದ ಹೇಳಿದ.

"ಏಕೆ?" ಎಂದ ಸಣಕಲ.

ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದ. ಗಿರಿಯಾಚಾರಿ ಇದ್ದ ಬಲವನ್ನೆಲ್ಲ ಹಾಕಿ ಎಳೆದ. ಎಳೆಯುವಾಗ ಅವನ ಎದೆ ಮೇಲೆದ್ದಿತು. ಸಣಕಲ ಆ ಸಂದಿನಲ್ಲಿ ಸೊಂಟ ತಿರುಗಿಸಿ ಹೊರಗೆ ಬಂದ, ಬಳಸಿಕೊಂಡು ಹಿಂದೆ ಹೋದ, ಗಿರಿಯಾಚಾರಿಯನ್ನು ಮಗುಚಿ ಅದೇ ಪಟ್ಟನ್ನು ಹಾಕಿದ. ಅವನು ಎಳೆಯಲಿಲ್ಲ. ಮೆಲ್ಲಗೆ ಒರಗಿದ ಅಷ್ಟೆ. ಸಂದಿಲ್ಲದ ಹಿಡಿತ ಹೇಗಿರುತ್ತದೆಂದು ಗಿರಿಯಾಚಾರಿಗೆ ಆಗ ತಿಳಿಯಿತು. ಹೆಗಲ ಒಳಗೆ ಯಾರೋ ಬಾಗಿಲು ಮುಚ್ಚುತ್ತಾ ಬಂದಂತಾಯಿತು. ತಟ್ಟಬಹುದಿತ್ತು. ಸಿಟ್ಟಿಗೆ ತಟ್ಟಲಿಲ್ಲ.

ಹೆಗಲು ಲಟಕ್ಕೆಂದಿತು. ಬುಡನ್ ಸಾಹೇಬರು ಓಡಿ ಬಂದು, ಬಗ್ಗಿ, ಅವನ ಪರವಾಗಿ ತಮ್ಮ ಅಂಗೈಯಿಂದ ಮಣ್ಣು ತಟ್ಟಿದರು. ತಮಗಾಗಿ ಅವರು ಎಂದೂ ಹಾಗೆ ತಟ್ಟಿದವರಲ್ಲ.

ಗದೆ ಹೋಯಿತು. ಮೂಳೆ ಕಟ್ಟುವ ವೈದ್ಯರು ಹೆಗಲಿಗೆ ಸೊಪ್ಪು ಅರೆದು ಹಾಕಿ ತೋಳನ್ನು ಎದೆಗೆ ಬಿಗಿದರು. ಅದು ಸುತ್ತಿಗೆ ಹಿಡಿಯುವ ಕೈ. ಮಳೆಗಾಲ ಹತ್ತಿರ ಬರುತ್ತಿತ್ತು, ಗುಳ ಬಡಿಸಿಕೊಳ್ಳಲು ರೈತರು ಸಾಲುಗಟ್ಟಿದ್ದರು. ಈರಣ್ಣ ಒಬ್ಬನೇ ಕುಲುಮೆ ನಡೆಸಿದ. ಗಿರಿಯಾಚಾರಿ ಕಂಬಕ್ಕೆ ಒರಗಿ ಕುಳಿತು ನೋಡುತ್ತಿದ್ದ. ಕುಳಿತಲ್ಲಿ ಒಂದೇ ಯೋಚನೆ ಅವನನ್ನು ಕೊರೆಯುತ್ತಿತ್ತು. ಎಲ್ಲರ ಮೇಲೆ ಕೂತ ಪಟ್ಟು ಆ ಸಣಕಲನೊಬ್ಬನ ಮೇಲೆ ಏಕೆ ಕೂರಲಿಲ್ಲ?

ಕೊನೆಗೆ ಒಂದು ದಿನ ಕೇಳಿಯೇಬಿಟ್ಟ. "ಈರಣ್ಣ, ನಿಜ ಹೇಳು. ನೀನು ತಟ್ಟುತ್ತಿದ್ದದ್ದು ನೋವಿಗೆ ತಾನೆ?"

ಈರಣ್ಣ ಸುತ್ತಿಗೆ ಕೆಳಗಿಟ್ಟ. "ಇಲ್ಲ ಭಾವ" ಎಂದ.

"ಮತ್ತೆ?"

"ನಾನು ತಟ್ಟದ ದಿನ ಅಕ್ಕ ಉಪವಾಸ ಇರುತ್ತಿದ್ದಳು."

ಗಿರಿಯಾಚಾರಿ ಎದ್ದು ಮನೆಗೆ ನಡೆದ. ಕಾಲು ನೆಲಕ್ಕೆ ಬೀಳುವ ರೀತಿಯಲ್ಲೇ ಅವನ ಕೋಪ ಗೊತ್ತಾಗುತ್ತಿತ್ತು. ಕಾಳಮ್ಮ ಹೊಸಿಲ ಬಳಿ ಸೊಪ್ಪು ಸೋಸುತ್ತಿದ್ದಳು. ಅವಳ ಮುಂದೆ ನಿಂತು, "ನಿನ್ನ ತಮ್ಮ ಉಂಡ ಮನೆಗೆ ಮೋಸ ಮಾಡಿದ. ಇಡೀ ಗರಡಿ ಸೇರಿಕೊಂಡು ನನಗೆ ಮೋಸ ಮಾಡಿತು. ನೋವಿಲ್ಲದೆ ತಟ್ಟಿದರಂತೆ" ಎಂದ.

ಕಾಳಮ್ಮ ಸೊಪ್ಪಿನಿಂದ ಕಣ್ಣೆತ್ತಲಿಲ್ಲ. ದನಿಯನ್ನೂ ಏರಿಸಲಿಲ್ಲ.

"ಅವನು ಈಚೆಗೆ ತಟ್ಟಿದ್ದು. ನಾನು ಈ ಮನೆಗೆ ಬಂದಂದಿನಿಂದ ತಟ್ಟುತ್ತಿದ್ದೇನೆ."

ಗಿರಿಯಾಚಾರಿ ಬೈಯಲು ಬಾಯಿ ತೆರೆದ. ಈಗ ಬೈದರೆ ಅವಳು ಸರಿ ಎನ್ನುತ್ತಾಳೆ, ತಪ್ಪಾಯಿತು ಎನ್ನುತ್ತಾಳೆ, ಒಳಗೆ ಹೋಗುತ್ತಾಳೆ ಎಂದು ಅವನಿಗೆ ಗೊತ್ತಾಯಿತು. ಹಾಗೆ ಆದ ದಿನಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಅವನ್ನೆಲ್ಲ ಅವನು ಗೆಲುವು ಎಂದುಕೊಂಡಿದ್ದ. ಬೈಯದೆ ಅವಳ ಪಕ್ಕದಲ್ಲಿ ಕುಳಿತ. ಇದ್ದ ಒಂದು ಕೈಯಲ್ಲಿ ಸೊಪ್ಪು ಬಿಡಿಸಿದ. ಕೆಟ್ಟದಾಗಿ ಬಿಡಿಸಿದ. ಕಾಳಮ್ಮ ಅದನ್ನು ನೋಡಿ, "ದಂಟು ಉಳಿಸಿಕೊಂಡು ಎಲೆ ಎಸೆಯುತ್ತಿದ್ದೀರಿ" ಎಂದಳು. ಹಿಂದೆಂದೂ ಅವಳು ಅವನ ಕೆಲಸದಲ್ಲಿ ತಪ್ಪು ತೋರಿಸಿದ್ದಿಲ್ಲ.

ಹೆಗಲು ಕೂಡಿತು, ಆದರೆ ಹಿಂದಿನ ಬಲ ಬರಲಿಲ್ಲ. ಗರಡಿಗೆ ಹೋದ ಮೊದಲ ದಿನ ಅವನು ಈರಣ್ಣನಿಗೆ, "ನೋವಾಗದೆ ತಟ್ಟಬೇಡ" ಎಂದ. ಪಟ್ಟು ಹಾಕಿದ. ಈರಣ್ಣ ಹೊರಗೆ ಬಂದ. ಗಿರಿಯಾಚಾರಿಯ ಮುಖ ಕೆಂಪಾಯಿತು. ಸುತ್ತಲಿದ್ದವರು ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಆ ಮುಖವನ್ನೇ ನೋಡಿದರು. ಅವನು ಎದ್ದು ಬಾವಿಯ ಹತ್ತಿರ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡ. ತಿರುಗಿ ಬಂದು, "ಇನ್ನೊಮ್ಮೆ" ಎಂದ.

"ಸಂದು" ಎಂದರು ಉಸ್ತಾದರು, ಬಹಳ ದಿನಗಳ ಮೇಲೆ.

ಗಿರಿಯಾಚಾರಿ, "ಎಲ್ಲಿ?" ಎಂದು ಕೇಳಿದ. ಅಷ್ಟು ಕಾಲ ಆ ಮಾತು ಕೇಳಿ ಉರಿದಿದ್ದನೇ ಹೊರತು ಎಲ್ಲಿ ಎಂದು ಕೇಳಿರಲಿಲ್ಲ. ಸಾಹೇಬರು ಬಂದು ಅವನ ಎದೆಗೂ ಈರಣ್ಣನ ಹೆಗಲಿಗೂ ನಡುವೆ ನಾಲ್ಕು ಬೆರಳು ತೂರಿಸಿ ತೋರಿಸಿದರು.

ಅವನೇನೂ ಸಾಧುವಾಗಲಿಲ್ಲ. ಈರಣ್ಣ ನುಣುಚಿಕೊಂಡ ಸಂಜೆಗಳಲ್ಲಿ ಅವನಿಗೆ ಊಟ ಬೇಡವೆನ್ನಿಸುತ್ತಿತ್ತು. ಆದರೂ ಕುಳಿತು ಉಂಡ, ಉಪ್ಪಿನ ಮಾತೆತ್ತದೆ ಉಂಡ. ಕಾಳಮ್ಮ ಮೊದಮೊದಲು ಅವನ ಮುಖ ನೋಡಿ ಆಮೇಲೆ ತನಗೆ ಬಡಿಸಿಕೊಳ್ಳುತ್ತಿದ್ದಳು. ಕ್ರಮೇಣ ನೋಡುವುದನ್ನು ಬಿಟ್ಟಳು.

ಬಲವಿಲ್ಲದ ಹೆಗಲಿನಿಂದ ಎಳೆಯಲು ಆಗುತ್ತಿರಲಿಲ್ಲವಾದ್ದರಿಂದ ಅವನು ಒರಗುವುದನ್ನು ಕಲಿತ. ಒಂದು ದಿನ ಈರಣ್ಣ ಸೊಂಟ ತಿರುಗಿಸಲು ಹೋದ, ತಿರುಗಲಿಲ್ಲ. ಮತ್ತೊಂದು ಕಡೆಗೆ ಹೋದ, ಆಗಲೂ ಆಗಲಿಲ್ಲ. ಅವನ ಅಂಗೈ ಮಣ್ಣಿನ ಮೇಲೆ ಪಟಪಟನೆ ಬಡಿಯಿತು. ಹಿಂದೆ ಕೇಳಿದ ಯಾವ ಸದ್ದಿನ ಹಾಗೂ ಅದು ಇರಲಿಲ್ಲ. ಗಿರಿಯಾಚಾರಿಯ ಕೈ ತಾನಾಗಿ ಬಿಟ್ಟಿತು. ಈರಣ್ಣ ಎದ್ದು ಕುಳಿತು ಹೆಗಲು ಉಜ್ಜಿಕೊಳ್ಳುತ್ತಾ, "ತೋಳು ಕಿತ್ತೇಬಿಡುತ್ತಿದ್ದಿರಲ್ಲ ಭಾವ, ಸ್ವಲ್ಪ ನೋಡಿಕೊಂಡು ಹಾಕಬಾರದೆ?" ಎಂದು ಬೈದ. ಬೈಸಿಕೊಂಡವನು ಗರಡಿಯ ಮಣ್ಣಿನ ಮೇಲೆ ಅಂಗಾತ ಬಿದ್ದುಕೊಂಡು ನಕ್ಕ.

ಗದೆ ಆ ಗರಡಿಗೆ ಮರಳಿ ಬರಲಿಲ್ಲ. ಗಿರಿಯಾಚಾರಿ ಪಂದ್ಯಕ್ಕೆ ಇಳಿಯಲೂ ಇಲ್ಲ. ಆದರೆ ಹೆಗಲ ಪಟ್ಟು ಕಲಿಯಬೇಕೆಂದವರು ಆಮೇಲೆ ಅವನಲ್ಲಿಗೇ ಬರುತ್ತಿದ್ದರು.

ಗುರುಗಳು ಕತೆ ನಿಲ್ಲಿಸಿದರು.

ಶಾಂತವೀರ ಕತೆಯ ನಡುವಿನಲ್ಲೇ ಎರಡು ಮೂರು ಸಲ ಬಾಯಿ ತೆರೆದು ಮುಚ್ಚಿದ್ದ. ಈಗ ತಡೆದುಕೊಳ್ಳಲಾಗಲಿಲ್ಲ.

"ಗುರುಗಳೇ, ಇದರಲ್ಲಿ ಆ ಕಮ್ಮಾರನ ತಪ್ಪೇನಿದೆ? ತಪ್ಪು ಆ ಭಾವಮೈದುನನದು. ನೋವಿಲ್ಲದೆ ತಟ್ಟಿದ್ದು ಸುಳ್ಳು, ಸುಳ್ಳು ಯಾರ ಹೊಟ್ಟೆಗಾಗಿ ಹೇಳಿದರೂ ಸುಳ್ಳೇ. ಅಲ್ಲದೆ ನನ್ನ ಪ್ರಶ್ನೆಗೂ ಈ ಕತೆಗೂ ಸಂಬಂಧವೇ ಇಲ್ಲ. ಇಲ್ಲಿ ಇವರೆಲ್ಲ ನನ್ನ ವಾದ ಒಪ್ಪಿದ್ದು ಅದು ಸರಿಯಾಗಿದ್ದುದರಿಂದ. ಬೇಕಾದರೆ ಇವರನ್ನೇ ಕೇಳಿ."

ಹೇಳುತ್ತಾ ಹೇಳುತ್ತಾ ಅವನ ದನಿ ಏರಿತು. ಹಿಂದಕ್ಕೆ ತಿರುಗಿ ಸಹಪಾಠಿಗಳನ್ನು ನೋಡಿದ. ಅವರು ತಡಮಾಡದೆ ಹೌದೆಂದು ತಲೆಯಾಡಿಸಿದರು. ಅವನು ಗುರುಗಳ ಕಡೆಗೆ ತಿರುಗಿದ.

"ನೋಡಿದಿರಾ? ನೀವೇ ಹೇಳಿ, ನಾನು ಹೇಳಿದ್ದು ಸರಿಯೋ ಅಲ್ಲವೋ?"

ಗುರುಗಳು ಅವನ ಮುಖವನ್ನು ನೋಡಿದರು. ಅದು ಕೆಂಪಾಗಿತ್ತು. ಊಟದ ಹೊತ್ತೂ ಆಗಿತ್ತು.

"ಸರಿಯಪ್ಪ, ನೀನು ಹೇಳಿದ್ದೇ ಸರಿ" ಎಂದರು.

ಶಾಂತವೀರ ಮೆಲ್ಲಗೆ ಸಹಪಾಠಿಗಳ ಕಡೆಗೆ ತಿರುಗಿ, "ನೀವೂ ಹೀಗೆಯೇ ತಟ್ಟುತ್ತಿದ್ದಿರಾ?" ಎಂದು ಕೇಳಿದ.